ಮೂಲೆಯ ಅರಿಶಿನ

"ಅಮ್ಮಾ, ಇದೇನು ಯೆಲ್ಲೋ!" ಸ್ಕೌಟ್ ವೆಸ್ಟ್ ತೊಡಲು ಹೊರಟ ಯಾಮಿನಿ ಕಾರಿನಲ್ಲೇ ಚೀರಿದಳು.

ತಿಳಿ ಖಾಕಿ ಬಣ್ಣದ, ತೋಳಿಲ್ಲದ ಹೊಸ ಮೇಲಂಗಿಯ ಮೂಲೆಯಲ್ಲಿ ಅರಿಶಿನ ಎದ್ದು ಕಾಣುತ್ತಿತ್ತು. ಹಿಂದಿನ ಸೀಟಿನಿಂದ ಅಜ್ಜಿ ವೆಂಕಟಮ್ಮ, "ಹೊಸ ಬಟ್ಟೆ ಕಣೆ. ಅರಿಶಿನ ಹಚ್ಚದೆ ಹಾಗೇ ಹಾಕ್ಕೋತಾರಾ?" ಎಂದರು.

ಕಾರು ಓಡಿಸುತ್ತಿದ್ದ ವಸಂತಲಕ್ಷ್ಮಿಗೆ ಅತ್ತೆಯ ಮೇಲೆ ಸಿಟ್ಟು ನೆತ್ತಿಗೇರಿತು. ಅಮೆರಿಕದಲ್ಲೇ ಎವರೆಟ್‌ ಊರಿನಿಂದ ಟೋಟೆಮ್ ಲೇಕಿಗೆ ಮನೆ ಬದಲಾಯಿಸಿದ ಮೇಲೆ ಮಗಳಿಗೆ ಒಬ್ಬ ಗೆಳತಿಯೂ ಇಲ್ಲ. ಸ್ಕೂಲಿನಲ್ಲಿ ಒಬ್ಬಳೇ ಕೂತು ಊಟ ಮಾಡುತ್ತಾಳೆ ಎಂದು ತಿಳಿದೇ ಅವಳನ್ನು ಸ್ಕೌಟ್ ತಂಡಕ್ಕೆ ಸೇರಿಸಿದ್ದು. ಮೊದಲ ದಿನವೇ ಕಲೆಯಾದ ವೆಸ್ಟ್ ಹಾಕಿಕೊಂಡು ಹೋದರೆ ಆ ಹುಡುಗಿಯರು ಹತ್ತಿರ ಸೇರಿಸುತ್ತಾರೆಯೇ?

ಸ್ಕೌಟ್ ಮೀಟಿಂಗ್ ನಡೆಯುವ ಲೈಬ್ರರಿ ತಲುಪಿದ್ದೇ ತಡ, ಮಗಳನ್ನು ರೆಸ್ಟ್‌ರೂಮಿಗೆ ಎಳೆದೊಯ್ದು, ಕೈತೊಳೆಯುವ ಸೋಪು ಹಚ್ಚಿ ಕಲೆಯನ್ನು ಗಸಗಸ ಉಜ್ಜಿದಳು. ಚಿಕ್ಕ ಹಳದಿ ಬೊಟ್ಟು ಕೆಂಪಾಗಿ ಅಂಗೈಯಗಲ ಹರಡಿಕೊಂಡಿತು.

"ಅರಿಶಿನಕ್ಕೆ ಸೋಪು ಹಾಕಿದ್ಯಾ?" ಬಾಗಿಲಲ್ಲಿ ನಿಂತ ವೆಂಕಟಮ್ಮ ಹಣೆ ಚಚ್ಚಿಕೊಂಡರು. "ಗಣಪತಿ ಮಾಡಕ್ಕೆ ಹೋಗಿ ಅವರಪ್ಪನ್ನ ಮಾಡಿದ ಹಾಗಾಯ್ತು!"

ಮತ್ತೆ ತೊಳೆಯಲು ಸಮಯವಿರಲಿಲ್ಲ. ಯಾಮಿನಿ ಅಳುಮುಖ ಮಾಡಿಕೊಂಡು, ಕಲೆಯ ಮೇಲೆ ಕೈ ಮುಚ್ಚಿಕೊಂಡೇ ಒಳಗೆ ಹೋದಳು. ವಸಂತಲಕ್ಷ್ಮಿ ಗಾಜಿನ ಆಚೆಯಿಂದ ನೋಡುತ್ತಾ ನಿಂತಳು. ಒಬ್ಬ ಹುಡುಗಿ ಯಾಮಿನಿಯ ಕೈ ಸರಿಸಿ ವೆಸ್ಟಿನ ತುದಿ ಎತ್ತಿ ನೋಡಿದಳು. ಉಳಿದವರೂ ಬಂದು ಮುತ್ತಿಕೊಂಡರು. ಮಗಳು ಏನೋ ಹೇಳುತ್ತಿದ್ದಳು. ಇನ್ನು ಇವಳು ಇಲ್ಲಿಗೂ ಬರುವುದಿಲ್ಲ ಅಂದುಕೊಂಡಳು ತಾಯಿ. ತಾನು ಸುಮ್ಮನೆ ಬಿಟ್ಟಿದ್ದರೆ ಬೊಟ್ಟು ಬೊಟ್ಟಾಗಿಯೇ ಉಳಿಯುತ್ತಿತ್ತು.

ಮೀಟಿಂಗ್ ಮುಗಿದಾಗ ಯಾಮಿನಿ ಓಡಿ ಬಂದಳು. ತೋಳಿನ ತುಂಬ ವೆಸ್ಟುಗಳು!

"ಅಜ್ಜೀ, ಹೊಸ ಬಟ್ಟೆಗೆ ಗುಡ್ ಲಕ್ ಅಂತ ನೀವು ಹಚ್ಚಿದ್ದು ಅಂದೆ. ಎಲ್ರಿಗೂ ಬೇಕಂತೆ! ಲೀಡರ್ ಕೂಡ ಓಕೆ ಅಂದ್ರು. ನೆಕ್ಸ್ಟ್ ವೀಕ್ ನಾನೇ ತಂದ್ಕೊಡ್ಬೇಕು."

ಕಾರಿನಲ್ಲಿ ಇಡೀ ದಾರಿ ಅವಳ ಬಾಯಿ ನಿಲ್ಲಲಿಲ್ಲ. ಯಾರ ನಾಯಿಯ ಹೆಸರೇನು, ನಾಳೆ ಊಟಕ್ಕೆ ಯಾರ ಪಕ್ಕ ಕೂರುವುದು, ಎಲ್ಲ ಬಂತು. ಎಷ್ಟೋ ತಿಂಗಳ ಮೇಲೆ ಕೇಳಿದ ಆ ಗದ್ದಲ ವಸಂತಲಕ್ಷ್ಮಿಗೆ ಹಬ್ಬದಂತಿತ್ತು.

ಮರುದಿನ ಸಂಜೆ ವೆಂಕಟಮ್ಮ ಊಟದ ಮೇಜಿನ ಮೇಲೆ ವೆಸ್ಟುಗಳನ್ನು ಹರವಿ, ಕಾಣದ ಮಕ್ಕಳನ್ನೆಲ್ಲ ಬಾಯ್ತುಂಬ ಹರಸುತ್ತಾ ಒಂದೊಂದರ ಮೂಲೆಗೂ ಅರಿಶಿನ ಹಚ್ಚಿದರು. ಯಾಮಿನಿ ಬಂದು ನೋಡಿ ಮುಖ ಸೊಟ್ಟಗೆ ಮಾಡಿದಳು.

"ಅಜ್ಜಿ, ಇದು ಬರೀ ಯೆಲ್ಲೋ. ನಂದು ರೆಡ್! ನಾವೆಲ್ಲಾ ಒಂದೇ ಟ್ರೂಪ್ ಅಲ್ವಾ, ಸೇಮ್ ಇರ್ಬೇಕು."

ವೆಂಕಟಮ್ಮ ಅರಿಶಿನದ ಬಟ್ಟಲು ಬದಿಗಿಟ್ಟು, ಸೊಸೆಯ ಕಡೆ ತಿರುಗಿದರು.

"ನನ್ನ ಕೆಲಸ ಮುಗೀತಮ್ಮ. ಇನ್ನು ಬೇಕಾಗಿರೋದು ನಿನ್ನ ಕೈಗುಣ. ಸೋಪು ತಗೊಂಡು ಬಾ."