ಎರೆಮಣ್ಣಿನ ಕಳ್ಳ

ಒಂದಾನೊಂದು ಊರಿನಲ್ಲಿ ಇಬ್ಬರು ರೈತರ ಹೊಲಗಳ ನಡುವೆ ಒಂದೇ ಬದು. ಆಚೆ ಕೆಂಪು ಮಸಾರಿ, ಈಚೆ ಕಪ್ಪು ಎರೆ. ಈಚೆಯವನ ಮಣ್ಣನ್ನು ದಿನವೂ ಯಾರೋ ಕೆದರಿ ಒಯ್ಯುತ್ತಿದ್ದರು.

"ಮಸಾರಿಯವರ ಮಗ ನಮ್ಮ ಮಗಳನ್ನ ಓಡಿಸ್ಕೊಂಡು ಹೋದ. ಈಗ ಮಣ್ಣಿಗೂ ಕೈ ಹಾಕ್ಯಾರ!" ಎಂದು ಅವನು ಕುಡುಗೋಲು ಎತ್ತಿಕೊಂಡ.

"ರಕ್ತ ಹರಿಸಬ್ಯಾಡ್ರೀ," ಎಂದಳು ಹೆಂಡತಿ.

"ಕಳ್ಳನ ರಟ್ಟಿ ಹಿಡಿದು ನಿನ್ನ ಮುಂದ ತಂದು ನಿಲ್ಲಸ್ತೀನಿ, ನೋಡ್ತಿರು."

ಮಧ್ಯಾಹ್ನ ಜೋಳದ ಮರೆಯಲ್ಲಿ ಉಸಿರು ಬಿಗಿಹಿಡಿದು ಕುಳಿತ. ಬದುವಿನಲ್ಲಿ ಸರಸರ ಸದ್ದಾದದ್ದೇ ತಡ, ಹಾರಿ ಹಿಡಿದ. ಹಿಡಿದ ಕೈಯ ತುಂಬ ಬಳೆ, ತುಟಿಯ ತುಂಬ ಎರೆಮಣ್ಣು.

"ಹೊಡೀಬ್ಯಾಡಪ್ಪಾ... ಅಲ್ಲಿ ಮಣ್ಣು ಬಾಯಿಗೆ ಹತ್ತವಲ್ದು."

ಅವನು ರಟ್ಟೆ ಬಿಡದೆ ಮನೆಗೆ ಬಂದು ಹೆಂಡತಿಯನ್ನು ಕೂಗಿದ: "ಇಗಾ, ಹಿಡಕೊಂಡು ಬಂದೀನಿ. ಬಸುರಿ ಅದಾಳ, ಮೊದಲ ಉಣ್ಣಾಕ ಹಾಕು."