ನಡುಗಂಬ

ಧಿಯಾಬ್ ಬೀಸಿದ ಕಾಫಿ ಕುಟ್ಟುವ ಒನಕೆ ದವಡೆಗೆ ಅಪ್ಪಳಿಸಿದ್ದೇ ಹವಾಲ್ದಾರನ ಎರಡು ಹಲ್ಲು ಒಲೆಯ ಬೂದಿಗೆ ಹಾರಿಬಿದ್ದವು. ಇರಾನಿನ ಮೇಲಿನ ಯುದ್ಧ ಬಿಟ್ಟು ಓಡಿಬಂದ ಧಿಯಾಬ್‌ನನ್ನು ಹಿಡಿದೊಯ್ಯಲು ಒಬ್ಬನೇ ಬಂದಿದ್ದ ಹವಾಲ್ದಾರ ಬಂದೂಕು ಕೈಬಿಟ್ಟು, ರಕ್ತ ಉಗುಳುತ್ತ ಗುಡಾರದೊಳಗೇ ಕುಸಿದ. ಈ ಸಲ ಧಿಯಾಬ್ ನೆತ್ತಿಗೇ ಒನಕೆ ಎತ್ತಿದ. ಅಷ್ಟರಲ್ಲಿ ಹವಾಲ್ದಾರ ತೆವಳಿ ನಡುಗಂಬವನ್ನು ತಬ್ಬಿಕೊಂಡ.

"ನಿನ್ನ ಮರೆಹೊಕ್ಕೀನಿ, ಅವ್ವಾ!"

ಮರುಭೂಮಿಯ ಕಟ್ಟಳೆಯಲ್ಲಿ ಗುಡಾರದ ಕಂಬ ಹಿಡಿದವನು ಕೊಲೆಗಾರನಾದರೂ ಅತಿಥಿಯೇ. ಮುದುಕಿ ಫಿದ್ದಾ ಮಗನ ಮಣಿಕಟ್ಟು ತಿರುಚಿ ಒನಕೆ ಕಿತ್ತುಕೊಂಡಳು.

"ನಿನಗ ತಲಿ ಕೆಟ್ಟದೇನವ್ವಾ? ಇಂವ ಉಳದ್ರ ನಾಳಿಗೆ ಮಂದಿ ಕರಕೊಂಡ್ ಬಂದು ನನಗ ಗುಂಡ್ ಹಾಕ್ತಾನ!" ಧಿಯಾಬ್ ಚೀರಿದ.

"ನನ್ನ ಕಂಬ ಹಿಡದಾನ. ಕೂದಲು ಕೊಂಕಬಾರದು. ನೀ ಒಂಟಿ ಹತ್ತಿ ಹೋಗು."

ಒಂಟೆಯ ಸದ್ದು ದೂರವಾಗುತ್ತಲೇ ಹವಾಲ್ದಾರ ಹಲ್ಲು ಹೋದ ಬಾಯಲ್ಲೇ ನಕ್ಕು, ಬಿದ್ದಿದ್ದ ಬಂದೂಕಿಗೆ ಕೈಚಾಚಿದ. "ನಾನೂ ಹೊಂಡ್ತೀನವ್ವಾ."

ಫಿದ್ದಾ ಬಂದೂಕಿನ ಮೇಲೆ ಕಾಲಿಟ್ಟಳು. "ಎಲ್ಲಿಗಪ್ಪಾ? ಅತಿಥಿ ಆದಂವ ಮೂರು ದಿನ ಉಂಡೇ ಹೋಗಬೇಕು."

ರಕ್ತ ಮೆತ್ತಿದ ಒನಕೆಯಿಂದಲೇ ಅವಳು ಕಾಫಿಬೀಜ ಕುಟ್ಟತೊಡಗಿದಳು. ಅತಿಥಿ ಬಂದ ಸುದ್ದಿ ಸಾರುವ ಆ ಸದ್ದಿಗೆ ಸುತ್ತಲ ಗುಡಾರಗಳ ಗಂಡಸರು ಸೊಂಟಕ್ಕೆ ಕಠಾರಿ ಸಿಕ್ಕಿಸಿಕೊಂಡು ಒಬ್ಬೊಬ್ಬರಾಗಿ ಬಂದು, ಹವಾಲ್ದಾರನಿಗೆ ಸಲಾಂ ಹೇಳಿ, ಬಾಗಿಲಿಗೆ ಅಡ್ಡವಾಗಿ ಕೂತರು.