ಅಪ್ಪನ ಪೇಪರಿನಲ್ಲಿ ಇಲ್ಲದ್ದು

ಅಪ್ಪ ಬರೆದುಕೊಟ್ಟ ಭಾಷಣವನ್ನು ಆಶ್ರಿತಾ ಒಂದೂ ತಪ್ಪಿಲ್ಲದೆ ಒಪ್ಪಿಸಿದಳು. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ, ಚೀನಾದ ಚಿನ್ ರಾಜ್ಯದಲ್ಲಿ ಬಾಯ್ ಚೀ ಎಂಬ ಸೇನಾಪತಿಯಿದ್ದ. ಎಪ್ಪತ್ತು ಪಟ್ಟಣ ಗೆದ್ದುಕೊಟ್ಟ. ಕೊನೆಗೊಮ್ಮೆ, ಈ ಯುದ್ಧ ಗೆಲ್ಲಲಾಗದು, ನಾನು ಹೋಗುವುದಿಲ್ಲ ಅಂದ. ಅಷ್ಟಕ್ಕೇ ಅರಸ ಅವನಿಗೊಂದು ಕತ್ತಿ ಕಳಿಸಿದ, ನೀನೇ ಸಾಯಿ ಅಂತ. "ಮೂವತ್ತು ವರ್ಷ ದುಡಿದವನಿಗೆ ಇದೇನಾ ಮರ್ಯಾದೆ?" ಎಂದು ಅವಳು ಕೈಯೆತ್ತಿ ಕೇಳಿದಾಗ ಅಮೆರಿಕದ ಸ್ಯಾನ್ ಡಿಯೇಗೋದ ಆ ಹಾಲಿನಲ್ಲಿ ಅಮ್ಮಂದಿರೆಲ್ಲ ಜೋರಾಗಿ ಚಪ್ಪಾಳೆ ಹೊಡೆದರು.

ಇಲ್ಲಿಯ ಕನ್ನಡ ಶಾಲೆಗಳ ಭಾಷಣ ಸ್ಪರ್ಧೆ ಅಂದರೆ ಗೊತ್ತಲ್ಲ, ಬರೆಯುವುದು ಅಪ್ಪಂದಿರು, ಇಂಗ್ಲಿಷ್ ಅಕ್ಷರದಲ್ಲಿ ಬರೆದಿಟ್ಟುಕೊಂಡು ಉರು ಹೊಡೆಯುವುದು ಮಕ್ಕಳು. ಬಾಯ್ ಚೀಯನ್ನು ಆರಿಸಿದ್ದು ಆಶ್ರಿತಾಳೇ, ಸ್ಕೂಲಿನಲ್ಲಿ ಓದಿದ್ದಳು. ಅವಳಪ್ಪ ರಾಚಯ್ಯ ಬರೆಯಲು ಕೂತವನು ತನ್ನದೇ ಗೋಳು ಬರೆದುಬಿಟ್ಟಿದ್ದ. ಹತ್ತೊಂಬತ್ತು ವರ್ಷ ದುಡಿದ ರೆಡೊಂಡೊ ಬೀಚಿನ ಕಂಪನಿ ಒಂದೂವರೆ ತಿಂಗಳ ಹಿಂದೆ ಅವನನ್ನು ಕೆಲಸದಿಂದ ತೆಗೆದಿತ್ತು. ಇನ್ನು ಹನ್ನೆರಡು ದಿನದಲ್ಲಿ ಬೇರೆ ಕೆಲಸ ಸಿಗದಿದ್ದರೆ ವೀಸಾ ಹೋಗುತ್ತದೆ; ಮಗಳ ಒಂಬತ್ತನೇ ಕ್ಲಾಸನ್ನು ಅರ್ಧಕ್ಕೇ ಬಿಡಿಸಿ ಈ ದೇಶವನ್ನೇ ಬಿಡಬೇಕು.

ಎರಡು ಗಂಟೆ ಡ್ರೈವ್ ಮಾಡಿ ಬಂದಿದ್ದು ಬಹುಮಾನಕ್ಕಲ್ಲ, ತೀರ್ಪುಗಾರ ಚನ್ನವೀರನಿಗಾಗಿ. ಕಾರ್ಲ್ಸ್‌ಬಾಡ್‌ನಲ್ಲಿ ಅವನ ಕೈಕೆಳಗೆ ಒಂದು ಕೆಲಸ ಖಾಲಿಯಿತ್ತು. ಎರಡು ವರ್ಷದ ಹಿಂದೆ ಇದೇ ಚನ್ನವೀರ ರಾಚಯ್ಯನ ಕೈಕೆಳಗಿದ್ದ. ಹೊಸ ಪ್ರಾಜೆಕ್ಟು, ಒಳ್ಳೆಯ ಅವಕಾಶ ಎಂದು ನಂಬಿಸಿ, ಚನ್ನವೀರನೂ ಸೇರಿ ನಲವತ್ತು ಜನರಿಂದ ವರ್ಗಾವಣೆಗೆ ಸಹಿ ಹಾಕಿಸಿ ಒಂದೇ ಕಡೆ ಸೇರಿಸಿದ್ದು ರಾಚಯ್ಯ. ಮೂರೇ ವಾರಕ್ಕೆ ಕಂಪನಿ ಆ ಪ್ರಾಜೆಕ್ಟನ್ನೇ ಮುಚ್ಚಿತು, ನಲವತ್ತೂ ಜನ ಮನೆಗೆ. ಮುಚ್ಚುವುದಕ್ಕೆಂದೇ ಸೇರಿಸುತ್ತಿದ್ದಾರೆ ಎಂದು ರಾಚಯ್ಯನಿಗೆ ಮೊದಲೇ ಗೊತ್ತಿತ್ತು. ಮೇಲಿನವರ ಆರ್ಡರು, ನಾನೇನು ಮಾಡಲಿ ಅಂದುಕೊಂಡು ಸುಮ್ಮನಿದ್ದ, ಪಾಪ!

ಭಾಷಣ ಮುಗಿದ ಮೇಲೆ ತೀರ್ಪುಗಾರರು ಒಂದು ಪ್ರಶ್ನೆ ಕೇಳುವುದು ವಾಡಿಕೆ. ಚನ್ನವೀರ ಮೈಕ್ ತಗೊಂಡ.

"ಕತ್ತಿ ಕೈಗೆ ಬಂದಮ್ಯಾಲೆ ಆ ಸೇನಾಪತಿ ಏನಂದ?"

ಆಶ್ರಿತಾ ಅಪ್ಪನ ಮುಖ ನೋಡಿದಳು. "ಅಂಕಲ್, ಅದು ಅಪ್ಪನ ಪೇಪರಲ್ಲಿ ಇಲ್ಲ."

ಎಲ್ಲರೂ ನಕ್ಕರು. ಚನ್ನವೀರ ನಗಲಿಲ್ಲ. "ನಿನಗ ಗೊತ್ತಿದ್ದಷ್ಟು ಹೇಳವ್ವಾ."

"ಫಸ್ಟ್, ನಾನು ಏನು ತಪ್ಪು ಮಾಡಿದೆ ಅಂದ. ಆಮೇಲೆ ಯೋಚನೆ ಮಾಡಿ, ಐ ಡಿಸರ್ವ್ ಇಟ್ ಅಂದ."

"ಯಾಕ?"

"ನಾಲ್ಕು ಲಕ್ಷ ಸೋಲ್ಜರ್ಸ್ ಸರೆಂಡರ್ ಮಾಡಿದ್ರು. ಅವನು ಅವರಿಗೆ ಸುಳ್ಳು ಹೇಳಿ... ಎಲ್ಲರನ್ನೂ ಮಣ್ಣಲ್ಲಿ ಹೂತುಬಿಟ್ಟ."

ಚನ್ನವೀರ ತಲೆಯಾಡಿಸಿ ಅಂಕ ಬರೆದುಕೊಂಡ. ರಾಚಯ್ಯನ ಕಡೆ ನೋಡಲೇ ಇಲ್ಲ. ನೋಡಿ ಬೈದಿದ್ದರೂ ರಾಚಯ್ಯ ತಡೆದುಕೊಳ್ಳುತ್ತಿದ್ದ. ಈಗ ನಾಚಿಕೆಯಿಂದ ಅವನ ಕಿವಿಯೆಲ್ಲ ಬಿಸಿಯಾಯಿತು. ಎದ್ದು ಹೋಗಿಬಿಡೋಣ ಅನಿಸಿತು. ಆದರೆ ಹನ್ನೆರಡೇ ದಿನ.

ಊಟದ ಸಾಲಿನಲ್ಲಿ ಚನ್ನವೀರನ ಪಕ್ಕ ಹೋಗಿ ನಿಂತ. ಬೇರೇನೋ ಹೇಳಬೇಕೆಂದು ಬಂದವನ ಬಾಯಲ್ಲಿ ಇದೇ ಬಂತು: "ಚನ್ನವೀರ, ಅವತ್ತು ನನಗ ಎಲ್ಲಾ ಗೊತ್ತಿತ್ತಪಾ."

"ನನಗೂ ಡೌಟ್ ಇತ್ರಿ ಸರ್," ಎಂದ ಚನ್ನವೀರ, ತಟ್ಟೆಗೆ ಅನ್ನ ಹಾಕಿಕೊಳ್ಳುತ್ತ. "ಎಚ್‌ಆರ್‌ನವ್ರು ಹೇಳಿದ್ದು ನಂಬಿರಲಿಲ್ಲ. ಅವ್ರು ಇಂಗ್ಲಿಷಿನ್ಯಾಗ ಹೇಳಿದ್ರು. ನೀವು ರೂಮಿಗೆ ಕರದು ಕನ್ನಡದಾಗ ಹೇಳಿದ್ರಿ. ಅದಕ್ಕ ಸಹಿ ಮಾಡಿದೆ."

ಆದರೂ ರಾಚಯ್ಯನಿಗೆ ಕೇಳದೆ ಗತಿಯಿರಲಿಲ್ಲ. "ಹಂಗಾರ, ನಿಮ್ಮಲ್ಲಿ ಆ ಕೆಲಸದ್ದು..."

ಚನ್ನವೀರ ತಟ್ಟೆ ಕೆಳಗಿಟ್ಟು, ಬಹಳ ಮರ್ಯಾದೆಯಿಂದ ಅವನ ಕೈಕುಲುಕಿದ. "ಷೂರ್ ಸರ್," ಎಂದ, "ವಿ ವಿಲ್ ಲೆಟ್ ಯೂ ನೋ."